ಕಾಪು ದೀಪಸ್ತಂಭದ ಹತ್ತಿರ ಎರಡು ದಿನ ರೇಡಿಯೊ: ಈ ಸಲ ಕಂಬ ಎತ್ತುವವರು ಹೊಸಬರು

ದೀಪದ ಪಕ್ಕದ ಮನೆ · ಜುಲೈ 19

ಎಲ್ಲರಿಗೂ ನಮಸ್ಕಾರ. ಆಗಸ್ಟ್ 16 ಮತ್ತು 17ಕ್ಕೆ ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೊ) ಕ್ಲಬ್ಬಿನವರು ಕಾಪುವಿನಲ್ಲಿ ಸೆಟ್ಟು ಹಾಕುತ್ತಿದ್ದೇವೆ. ಆ ಎರಡು ದಿನ ಅಂತಾರಾಷ್ಟ್ರೀಯ ದೀಪಸ್ತಂಭ ವಾರಾಂತ್ಯ. 1998ರಲ್ಲಿ ಸ್ಕಾಟ್ಲೆಂಡಿನ ಏರ್ ಎಂಬ ಊರಿನ ಹವ್ಯಾಸಿಗಳು ಶುರು ಮಾಡಿದ್ದು. ಪ್ರತಿ ವರ್ಷ ಆಗಸ್ಟ್‌ನ ಮೂರನೇ ಶನಿವಾರ-ಭಾನುವಾರ ಬೇರೆ ಬೇರೆ ದೇಶದ ಹವ್ಯಾಸಿಗಳು ದೀಪಸ್ತಂಭಗಳ ಪಕ್ಕ ಕೂತು ಪರಸ್ಪರ ಕರೆಯುತ್ತಾರೆ. ಸ್ಪರ್ಧೆ ಅಲ್ಲ. ಅಂಕ ಇಲ್ಲ, ಬಹುಮಾನವೂ ಇಲ್ಲ. ಸಮಯ ಯುಟಿಸಿ ಲೆಕ್ಕದಲ್ಲಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ. ಹಾಗಾಗಿ ನಮಗೆ ಶನಿವಾರ ಬೆಳಗ್ಗೆ ಐದೂವರೆಗೆ ಶುರು, ಸೋಮವಾರ ಬೆಳಗ್ಗೆ ಐದೂವರೆಗೆ ಮುಗಿಯುತ್ತದೆ.

ನಮ್ಮ ದೀಪಸ್ತಂಭ 1901ರದ್ದು. ಕಡಲ ಬದಿಯ ಬಂಡೆಯ ಮೇಲೆ 27 ಮೀಟರ್ ಎತ್ತರಕ್ಕೆ ನಿಂತಿದೆ. ನಾವು ಅದರ ಒಳಗೆ ಹೋಗುವುದಿಲ್ಲ. ಪಕ್ಕದಲ್ಲಿದ್ದರೆ ಸಾಕು, ಒಳಗೇ ಇರಬೇಕೆಂಬ ನಿಯಮ ಇಲ್ಲ. ಹತ್ತಿರದ ಒಂದು ಮನೆಯವರು ತೆಂಗಿನ ತೋಟ ಬಿಟ್ಟುಕೊಟ್ಟಿದ್ದಾರೆ. ಎರಡು ಹಲಸಿನ ಮರ ಉಂಟು, ಬಾವಿ ಉಂಟು, ಮಳೆ ಬಂದರೆ ಓಡಿಹೋಗಲು ದೊಡ್ಡ ಜಗಲಿ ಉಂಟು. ಮಳೆ ಬಂದೇ ಬರುತ್ತದೆ, ಅದರಲ್ಲಿ ಅನುಮಾನ ಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಹಳಬರು ಮೂವರು ಸೇರಿ ಎಲ್ಲ ಕೆಲಸ ಮಾಡಿಬಿಟ್ಟೆವು. ಅದರಲ್ಲಿ ನಾನೂ ಒಬ್ಬ. ತಂತಿ ನಾವೇ ಎಳೆದೆವು, ಬ್ಯಾಟರಿ ನಾವೇ ಕೂಡಿಸಿದೆವು, ಮೈಕ್ ಮುಂದೆಯೂ ನಾವೇ ಕೂತೆವು. ಹೊಸದಾಗಿ ಲೈಸೆನ್ಸ್ ತೆಗೆದುಕೊಂಡ ಹುಡುಗ ಹುಡುಗಿಯರು ಐದಾರು ಜನ ಬಂದಿದ್ದರು. ಹಿಂದೆ ನಿಂತು ನೋಡಿದರು, ಚಹಾ ಕುಡಿದರು, ಫೋಟೊ ತೆಗೆದುಕೊಂಡು ಹೋದರು. ಆಮೇಲೆ ಅವರಲ್ಲಿ ಒಬ್ಬರೂ ಗಾಳಿಯಲ್ಲಿ ಕೇಳಿಸಲಿಲ್ಲ. ಅದು ನನಗೆ ವರ್ಷವಿಡೀ ಚುಚ್ಚುತ್ತಿದೆ. ಹಾಗಾಗಿ ಈ ಸಲ ಕಂಬ ಎತ್ತುವುದರಿಂದ ಹಿಡಿದು ಲಾಗ್ (ಸಂಪರ್ಕ ಬರೆದಿಡುವ ಪುಸ್ತಕ) ಮುಚ್ಚುವವರೆಗೆ ಹೊಸಬರೇ ಮಾಡಲಿ ಅಂತ ನನ್ನ ಆಸೆ. ಏನೇನು ಬೇಕು, ಹೇಗೆ ಮಾಡಬೇಕು, ಎಲ್ಲರೂ ಹೇಳಿ.

ತಾಮ್ರದ ತಂತಿ · ಜುಲೈ 19

ಒಳ್ಳೆ ಯೋಚನೆ. ಆಂಟೆನಾ ಸುಲಭದ್ದೇ ಇರಲಿ. 40 ಮೀಟರ್ ಬ್ಯಾಂಡಿಗೆ, ಅಂದರೆ 7 ಮೆಗಾಹರ್ಟ್ಸ್ ಆಸುಪಾಸಿಗೆ, ತಲೆಕೆಳಗಾದ ವಿ ಆಕಾರದ್ದು. ನಡುವೆ ಒಂದೇ ಎತ್ತರದ ಆಸರೆ, ಎರಡು ಕಡೆ ಇಳಿಜಾರಾಗಿ ತಂತಿ. ನಡುವಿನ ತಲೆ 10 ಮೀಟರ್ ಎತ್ತರದಲ್ಲಿದ್ದರೂ ಹಗಲು ಹೊತ್ತು ಕರ್ನಾಟಕ, ಕೇರಳ, ತಮಿಳುನಾಡು ಚೆನ್ನಾಗಿ ಕೇಳುತ್ತವೆ. ಎತ್ತರ ಕಡಿಮೆ ಇದ್ದರೆ ಅಲೆ ನೆಟ್ಟಗೆ ಮೇಲಕ್ಕೆ ಹೋಗಿ ಹತ್ತಿರದಲ್ಲೇ ಇಳಿಯುತ್ತದೆ. ಹೊಸಬರಿಗೆ ಅದೇ ಬೇಕಾಗಿರುವುದು.

20 ಮೀಟರ್ ಬ್ಯಾಂಡಿಗೆ (14 ಮೆಗಾಹರ್ಟ್ಸ್) ನೆಟ್ಟಗೆ ನಿಲ್ಲಿಸುವ 5 ಮೀಟರ್ ತಂತಿ. ಪಶ್ಚಿಮಕ್ಕೆ ಪೂರ್ತಿ ಉಪ್ಪುನೀರು ಇದೆಯಲ್ಲ, ಅದಕ್ಕಿಂತ ಒಳ್ಳೆ ನೆಲ ಬೇರೆ ಇಲ್ಲ. ನೀರಿಗೆ ಹತ್ತಿರ ನಿಲ್ಲಿಸಿದಷ್ಟೂ ಅಲೆ ದಿಗಂತದ ಕಡೆ ತಗ್ಗಿ ಹೊರಡುತ್ತದೆ. ಕೊಲ್ಲಿ ದೇಶ, ಆಫ್ರಿಕಾ, ಯುರೋಪ್ ಎಲ್ಲ ಆ ದಿಕ್ಕಿನಲ್ಲೇ ಇವೆ.

ಒಂದು ಎಚ್ಚರ. 7.1 ಮೆಗಾಹರ್ಟ್ಸ್‌ನ ಎರಡರಷ್ಟು 14.2. ಅಂದರೆ 40 ಮೀಟರ್ ಸೆಟ್ಟಿನ ಎರಡನೇ ಹಾರ್ಮೋನಿಕ್ (ಜೊತೆಗೇ ಹುಟ್ಟುವ ಬೇಡದ ಅಲೆ) ಸೀದಾ 20 ಮೀಟರ್ ಬ್ಯಾಂಡಿನ ನಡುವೆ ಹೋಗಿ ಕೂರುತ್ತದೆ. ಎರಡು ಸೆಟ್ಟು ಒಟ್ಟಿಗೆ ನಡೆಸುವುದಾದರೆ ಆಂಟೆನಾಗಳನ್ನು ತೋಟದ ಎರಡು ತುದಿಗೆ ಹಾಕಿ. ಫಿಲ್ಟರ್ ಇದ್ದವರು ತನ್ನಿ.

ವಿಯು3 ಹೊಸಬಳು · ಜುಲೈ 20

ಸರ್, ಹೋದ ವರ್ಷ ಹಿಂದೆ ನಿಂತು ನೋಡಿದವರಲ್ಲಿ ನಾನೂ ಒಬ್ಬಳು. ಇದನ್ನು ಓದಿ ಖುಷಿಯಾಯಿತು. ನಿಜ ಹೇಳಬೇಕೆಂದರೆ ಅವತ್ತು ಕೇಳಬೇಕು ಅನಿಸಿತ್ತು, ಧೈರ್ಯ ಸಾಲಲಿಲ್ಲ. ಮನೆಗೆ ಬಂದ ಮೇಲೆ ಸೆಟ್ಟು ಹಚ್ಚಿ ಕೇಳುತ್ತಿದ್ದೆ, ಮಾತಾಡಲು ಗಂಟಲು ಕಟ್ಟುತ್ತಿತ್ತು.

40 ಮೀಟರ್ ಆಂಟೆನಾ ನಾನು ಮಾಡಿ ತರಲಾ? ತಂತಿ ಎಷ್ಟು ಉದ್ದ ಬೇಕು? ಯಾವ ತಂತಿ?

ತಾಮ್ರದ ತಂತಿ · ಜುಲೈ 20

ಖಂಡಿತ ಮಾಡಮ್ಮ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಮನೆ ವೈರಿಂಗ್‌ನ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರು ಸಾಕು. ಲೆಕ್ಕ ಹೀಗೆ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸು. 143 ಭಾಗಿಸು 7.1 ಅಂದರೆ ಸುಮಾರು 20.1 ಮೀಟರ್. ಒಂದೊಂದು ಕಡೆಗೆ 10 ಮೀಟರ್ ಚಿಲ್ಲರೆ. ಆದರೆ ಹತ್ತೂವರೆ ಮೀಟರ್ ಇಟ್ಟುಕೊಂಡೇ ಶುರು ಮಾಡು. ಪ್ಲಾಸ್ಟಿಕ್ ಹೊದಿಕೆ ಇರುವ ವೈರು, ಇಳಿಜಾರು ಬೇರೆ, ಕೊನೆಗೆ ಲೆಕ್ಕಕ್ಕಿಂತ ಸ್ವಲ್ಪ ಗಿಡ್ಡವೇ ಆಗುತ್ತದೆ. ಹೆಚ್ಚಾದದ್ದನ್ನು ಕತ್ತರಿಸಬೇಡ, ತುದಿಯಲ್ಲಿ ಹಿಂದಕ್ಕೆ ಮಡಚಿ ಸುತ್ತಿಬಿಡು. ಜಾಗ ಬದಲಾದರೆ ಮತ್ತೆ ಬಿಚ್ಚಬಹುದು. ತುದಿಯ ಇನ್ಸುಲೇಟರ್‌ಗೆ ಪಿವಿಸಿ ಪೈಪಿನ ತುಂಡು, ಎರಡು ತೂತು. ಅಷ್ಟೇ.

ಅಡಿಕೆ ತೋಟದಿಂದ · ಜುಲೈ 21

ಕಂಬದ ಚಿಂತೆ ಬಿಡಿ, ನಮ್ಮ ಮನೆಯ ಹೈಟೆಕ್ ದೋಟಿ ತರುತ್ತೇನೆ. ಅಡಿಕೆ ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ. ಒಂದರೊಳಗೊಂದು ಕೂರುವ ಕೊಳವೆಗಳು. ಎಳೆದರೆ ಅಡಿಕೆ ಮರದ ತಲೆ ಮುಟ್ಟುತ್ತದೆ, ತೂಕ ಒಬ್ಬ ಹೊರುವಷ್ಟು. ಕಳೆದ ತಿಂಗಳು ಅದರ ಮೇಲೆ ತಂತಿ ಕಟ್ಟಿ ನೋಡಿದ್ದೇನೆ, ಚೆನ್ನಾಗಿ ನಿಲ್ಲುತ್ತದೆ.

ಎರಡು ವಿಷಯ ಮಾತ್ರ ನೆನಪಿರಲಿ. ಕಾರ್ಬನ್ ಫೈಬರ್ ಕರೆಂಟ್ ಹರಿಸುತ್ತದೆ. ಹಾಗಾಗಿ 20 ಮೀಟರ್‌ನ ನೆಟ್ಟಗಿನ ತಂತಿಯನ್ನು ದೋಟಿಗೆ ಅಂಟಿಸಿ ಕಟ್ಟಿದರೆ ಟ್ಯೂನ್ ಆಗುವುದಿಲ್ಲ. ಅದಕ್ಕೆ ಬಿದಿರಿನ ಗಳವೇ ಆಗಬೇಕು. ತಲೆಕೆಳಗಾದ ವಿ ಆದರೆ ತುದಿಯಿಂದ ಒಂದಡಿ ಹಗ್ಗ ಬಿಟ್ಟು ತೂಗುಹಾಕಿ.

ಎರಡನೆಯದು ಜೀವದ ಪ್ರಶ್ನೆ. ಕರೆಂಟ್ ಲೈನಿನ ಹತ್ತಿರ ದೋಟಿ ಎತ್ತಲೇಬಾರದು. ಅಡಿಕೆ ಕೊಯ್ಯುವಾಗ ದೋಟಿ ಲೈನಿಗೆ ತಾಗಿ ಪ್ರಾಣ ಹೋದ ಸುದ್ದಿ ನಮ್ಮ ಕಡೆ ಪದೇ ಪದೇ ಕೇಳುತ್ತೇವೆ. ಕಂಬ ಎತ್ತುವ ಮೊದಲು ಒಬ್ಬರು ತಲೆ ಎತ್ತಿ ನಾಲ್ಕು ದಿಕ್ಕೂ ನೋಡಿ ಜೋರಾಗಿ "ಲೈನ್ ಇಲ್ಲ" ಅಂತ ಹೇಳಬೇಕು. ದೋಟಿ ಪೂರ್ತಿ ಉದ್ದಕ್ಕೆ ಯಾವ ಕಡೆ ಬಿದ್ದರೂ ಲೈನ್ ಮುಟ್ಟಬಾರದು. ಹಾಗಿದ್ದರೆ ಮಾತ್ರ ಎತ್ತಿ.

ಹಳೇ ಕೀ · ಜುಲೈ 22

ನನ್ನದೊಂದು ಭಿನ್ನಮತ ಇದೆ. ಬೇಸರ ಮಾಡಿಕೊಳ್ಳಬೇಡಿ.

ಹೊಸಬರು ಕಲಿಯಲಿ, ಅದಕ್ಕೆ ನನ್ನ ಅಡ್ಡಿ ಇಲ್ಲ. ಆದರೆ ವರ್ಷಕ್ಕೊಮ್ಮೆ ಬರುವ ಎರಡು ದಿನ ಅದು. 20 ಮೀಟರ್‌ನಲ್ಲಿ ಯುರೋಪ್ ಸಂಜೆ ನಾಲ್ಕೈದು ಗಂಟೆಯಿಂದ ತೆರೆದುಕೊಳ್ಳುತ್ತದೆ. ಆ ಹೊತ್ತಿಗೆ ಜರ್ಮನಿ, ಇಂಗ್ಲೆಂಡಿನ ದೀಪಸ್ತಂಭಗಳಲ್ಲಿ ಕೂತವರು ಭಾರತದ ದನಿಗೆ ಕಿವಿಗೊಟ್ಟು ಕಾದಿರುತ್ತಾರೆ. ಸಿಗ್ನಲ್ ಒಂದು ನಿಮಿಷ ಏರುತ್ತದೆ, ಮರು ನಿಮಿಷ ಇಳಿಯುತ್ತದೆ. ಆಗ ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಅಕ್ಷರಗಳು) ಒಂದೇ ಸಲಕ್ಕೆ ಹಿಡಿಯುವ ಕಿವಿ ಬೇಕು. ಐದು ಸಲ "ಎಗೇನ್, ಎಗೇನ್" ಅಂದರೆ ಕಾದವರು ಬೇರೆ ಕಡೆ ಹೋಗಿಬಿಡುತ್ತಾರೆ. ಕೀ ಒತ್ತಿ ಚುಕ್ಕೆ-ಗೆರೆ ಸದ್ದಿನಲ್ಲಿ ಕಳಿಸುವ ಮೋರ್ಸ್‌ನಲ್ಲಂತೂ ಇನ್ನೂ ಕಷ್ಟ. ಅನುಭವ ಇರುವವರು ಆ ಹೊತ್ತಿಗೆ ಕೂರಲಿ. ಬೆಳಗ್ಗೆ, ಮಧ್ಯಾಹ್ನ ಹೊಸಬರಿಗೆ ಇರಲಿ. ಕಾಪುವಿನ ಹೆಸರು ನಾಲ್ಕು ದೇಶಕ್ಕೆ ಕೇಳಬೇಕಲ್ವಾ?

ದೀಪದ ಪಕ್ಕದ ಮನೆ · ಜುಲೈ 22

ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ನಿಮ್ಮ ಕಿವಿಯೇ ನಮ್ಮ ಕ್ಲಬ್ಬಿನ ಆಸ್ತಿ ಮಾರಾಯ್ರೆ. ಆದರೆ ಒಳ್ಳೆ ಹೊತ್ತೆಲ್ಲ ನಮಗೆ, ಉಳಿದದ್ದು ಅವರಿಗೆ ಅಂತಾದರೆ ಹೋದ ವರ್ಷದ ಕಥೆಯೇ ಮತ್ತೆ ಬರುತ್ತದೆ. ಮಧ್ಯಾಹ್ನ 20 ಮೀಟರ್‌ನಲ್ಲಿ ಯಾರೂ ಸಿಗದೆ ಒಂದು ಗಂಟೆ ಸಿಕ್ಯೂ (ಯಾರಾದರೂ ಉತ್ತರ ಕೊಡಿ ಎಂಬ ಕರೆ) ಕರೆದ ಹುಡುಗ ಮತ್ತೆ ಮೈಕ್ ಮುಟ್ಟುವುದಿಲ್ಲ.

ಸನ್ನಿವೇಲ್‌ನ ಕನ್ನಡಿಗ · ಜುಲೈ 23

ನಾನು ಹಾಸನದ ಕಡೆಯವನು, ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ ಜೂನ್‌ನ ನಾಲ್ಕನೇ ವಾರಾಂತ್ಯ ಫೀಲ್ಡ್ ಡೇ. 1933ರಿಂದ ನಡೆದು ಬಂದಿದೆ. ಅಮೆರಿಕ, ಕೆನಡಾದ ಕ್ಲಬ್ಬುಗಳೆಲ್ಲ ಪಾರ್ಕಿಗೋ ಗುಡ್ಡಕ್ಕೋ ಹೋಗಿ ಟೆಂಟ್ ಹಾಕಿ, ಬ್ಯಾಟರಿ ಅಥವಾ ಜನರೇಟರ್ ಮೇಲೆ ಸೆಟ್ಟು ನಡೆಸುತ್ತಾರೆ. ಹೇಳಬೇಕಾದದ್ದು ಬಹಳ ಚಿಕ್ಕದು. "ಟು ಆಲ್ಫಾ, ಸಾಂಟಾ ಕ್ಲಾರಾ ವ್ಯಾಲಿ" ಅಂದರೆ ಮುಗಿಯಿತು. ಎರಡು ಸೆಟ್ಟಿನ ಕ್ಲಬ್ಬು, ಈ ಪ್ರದೇಶ ಅಂತ ಅರ್ಥ. ಇಷ್ಟು ಚಿಕ್ಕ ಮಾತಾದ್ದರಿಂದ ಹೊಸಬರಿಗೆ ಭಯ ಕಡಿಮೆ. ನೀವೂ ಹಾಗೆ ಒಂದು ಚೀಟಿ ಬರೆದು ಮೈಕ್ ಪಕ್ಕ ಅಂಟಿಸಿ. ಕಾಲ್‌ಸೈನ್, ಸಿಗ್ನಲ್ ರಿಪೋರ್ಟ್, ದೀಪಸ್ತಂಭದ ಹೆಸರು. ಮೂರೇ ಸಾಲು.

ಇಲ್ಲಿ ಹೊಸಬರಿಗೆಂದೇ ಗೋಟಾ ಅಂತ ಪ್ರತ್ಯೇಕ ಸೆಟ್ಟು ಇಡಲು ಅವಕಾಶ ಇದೆ. ನಾನು ಮೊದಲ ವರ್ಷ ಕೂತದ್ದು ಅಂಥ ಒಂದರಲ್ಲೇ. ಆದರೆ ಆ ಕ್ಲಬ್ಬಿನವರು ಅದನ್ನು ಮೂಲೆಯ ಟೆಂಟಿನಲ್ಲಿ ಇಟ್ಟಿದ್ದರು. ಮೇಜಿನ ಎತ್ತರದ ಆಂಟೆನಾ. ಯಾರನ್ನು ಕರೆದರೂ ಉತ್ತರ ಇಲ್ಲ. ನನ್ನ ಉಚ್ಚಾರಣೆ ಅವರಿಗೆ ತಿಳಿಯುತ್ತಿಲ್ಲ ಅಂದುಕೊಂಡೆ. ಎರಡು ಗಂಟೆ ಆದ ಮೇಲೆ ಒಬ್ಬರು ಹಿರಿಯರು ಬಂದು ನೋಡಿ, ಏನೂ ಹೇಳದೆ ತಮ್ಮ ಸೆಟ್ಟಿನ ಕೇಬಲ್ ಬಿಚ್ಚಿ ನನ್ನ ಸೆಟ್ಟಿಗೆ ಹಾಕಿದರು. ಮೊದಲ ಕರೆಗೇ ಮೂವರು ಉತ್ತರ ಕೊಟ್ಟರು. ಹಾಗಾಗಿ ನನ್ನ ಅಭಿಪ್ರಾಯ ಒಂದೇ. ಒಳ್ಳೆ ಆಂಟೆನಾ ಹೊಸಬರಿಗೆ ಕೊಡಿ. ಕಿವಿ ಪಳಗಿದವರು ಸಾಧಾರಣ ಆಂಟೆನಾದಲ್ಲೂ ನಿಭಾಯಿಸುತ್ತಾರೆ. ಹೊಸಬರಿಗೆ ಅದು ಆಗುವುದಿಲ್ಲ.

ಹಳೇ ಕೀ · ಜುಲೈ 24

ಸನ್ನಿವೇಲ್‌ನವರ ಮಾತು ನೇರವಾಗಿ ನಾಟಿತು. ನಾನು ಆಂಟೆನಾದ ಬಗ್ಗೆ ಯೋಚಿಸಿರಲಿಲ್ಲ, ಹೊತ್ತಿನ ಬಗ್ಗೆ ಮಾತ್ರ ಯೋಚಿಸಿದ್ದೆ.

ಹೀಗೆ ಮಾಡೋಣ. ಸಂಜೆ 20 ಮೀಟರ್‌ಗೂ ಹೊಸಬರೇ ಕೂರಲಿ. ನಾನು ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತೇನೆ. ನನಗೆ ಕೇಳಿಸಿದ ಕಾಲ್‌ಸೈನನ್ನು ಕಾಗದದ ಮೇಲೆ ಬರೆದು ತೋರಿಸುತ್ತೇನೆ. ಬಾಯಿ ಬಿಡುವುದಿಲ್ಲ. ಒಂದು ವಿನಂತಿ ಮಾತ್ರ ಇದೆ. ರಾತ್ರಿ ಹತ್ತರ ನಂತರ ಮೋರ್ಸ್‌ಗೆ ಒಂದು ಗಂಟೆ ನನಗೆ ಬಿಡಿ.

ಬ್ಯಾಟರಿ ಲೆಕ್ಕ · ಜುಲೈ 26

ಜನರೇಟರ್ ಬೇಡ. ಸದ್ದು, ಹೊಗೆ, ಮಳೆಯಲ್ಲಿ ಶಾಕ್‌ನ ಭಯ ಬೇರೆ. ರಿಸ್ಟ್ರಿಕ್ಟೆಡ್ (ಆರಂಭದ ಮಟ್ಟದ) ಲೈಸೆನ್ಸ್‌ನವರಿಗೆ ಎಚ್‌ಎಫ್‌ನಲ್ಲಿ, ಅಂದರೆ ನಮ್ಮ 40, 20 ಮೀಟರ್ ಇರುವ ಶಾರ್ಟ್‌ವೇವ್‌ನಲ್ಲಿ, 50 ವಾಟ್ ಮಿತಿ. ಎಲ್ಲರೂ ಎರಡು ದಿನವೂ 50 ವಾಟ್‌ನಲ್ಲೇ ಇರೋಣ. ಆಗ ಕೂರುವವರು ಬದಲಾದಾಗಲೆಲ್ಲ ಪವರ್ ತಿರುಗಿಸುವ ಗೊಂದಲ ಇಲ್ಲ, ಬ್ಯಾಟರಿಯೂ ಉಳಿಯುತ್ತದೆ.

ಲೆಕ್ಕ ನೋಡಿ. ಸುಮ್ನೆ ಕೇಳುತ್ತಾ ಕೂತರೆ ನಮ್ಮ ಸೆಟ್ಟು 1.2 ಆಂಪ್ ಎಳೆಯುತ್ತದೆ. ಮಾತಾಡುವಾಗ ಒಮ್ಮೊಮ್ಮೆ 12 ಆಂಪ್ ದಾಟಿದರೂ ಎಸ್‌ಎಸ್‌ಬಿಯಲ್ಲಿ (ನಾವು ದನಿ ಕಳಿಸುವ ವಿಧಾನ) ಸರಾಸರಿ 6 ಅಂತ ಹಿಡಿಯಿರಿ. ದಿನದ 24 ಗಂಟೆಯಲ್ಲಿ 17 ಗಂಟೆ ಕೇಳುವುದು, 7 ಗಂಟೆ ಮಾತು. ಮೊದಲನೆಯದಕ್ಕೆ ಸುಮಾರು 20, ಎರಡನೆಯದಕ್ಕೆ 42. ಒಟ್ಟು 62 ಆಂಪ್ ಅವರ್. ಒಂದು ಸೆಟ್ಟಿಗೆ ಒಂದು ದಿನಕ್ಕೆ 100ರ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ನೆಮ್ಮದಿಯಾಗಿ ಸಾಕು. ನನ್ನ ಹತ್ತಿರ ಎರಡು ಇವೆ. ಮನೆಯ ಇನ್ವರ್ಟರ್ ಬ್ಯಾಟರಿ ತರುವವರು ಅದರ ಅರ್ಧವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಸೀಸ-ಆಸಿಡ್ ಬ್ಯಾಟರಿಯನ್ನು ಅದಕ್ಕಿಂತ ಜಾಸ್ತಿ ಬರಿದು ಮಾಡಿದರೆ ಬಾಳಿಕೆ ಬರುವುದಿಲ್ಲ. ಸೋಲಾರ್ ನಂಬಬೇಡಿ, ಆಗಸ್ಟ್‌ನಲ್ಲಿ ಕರಾವಳಿಗೆ ಬಿಸಿಲು ನೆಂಟರ ಹಾಗೆ ಬಂದು ಹೋಗುತ್ತದೆ.

ಫ್ಯೂಸ್ ಬ್ಯಾಟರಿಯ ಬುಡದಲ್ಲೇ ಇರಬೇಕು, ಸೆಟ್ಟಿನ ಹತ್ತಿರ ಮಾತ್ರ ಇದ್ದರೆ ಸಾಲದು. ನಡುವಿನ ವೈರು ಎಲ್ಲಾದರೂ ಸವೆದು ತಾಗಿದರೆ ಬೆಂಕಿ ಹತ್ತುತ್ತದೆ. ಇದನ್ನು ಹೊಸಬರ ಕೈಯಲ್ಲೇ ಮಾಡಿಸಿ. ಕೂಡಿಸುವ ಮೊದಲು ಮೀಟರ್ ಹಿಡಿದು ಪ್ಲಸ್ ಮೈನಸ್ ನೋಡುವುದನ್ನೂ ಅವರೇ ಮಾಡಲಿ.

ಏಳನೇ ತರಗತಿ ಅಮ್ಮ · ಜುಲೈ 30

ನನ್ನ ಮಗನಿಗೆ 11 ವರ್ಷ. ಹಳೇ ರೇಡಿಯೊ ಬಿಚ್ಚಿ ಜೋಡಿಸುವ ಹುಚ್ಚು. ಅವನನ್ನು ಕರೆದುಕೊಂಡು ಬರಬಹುದಾ? ಲೈಸೆನ್ಸ್ ಇಲ್ಲ. ಸಮುದ್ರ, ಸಿಡಿಲು ಎಂದರೆ ನನಗೆ ಭಯ.

ದೀಪದ ಪಕ್ಕದ ಮನೆ · ಜುಲೈ 30

ಖಂಡಿತ ಬನ್ನಿ ಅಕ್ಕ. ಪರೀಕ್ಷೆಗೆ ಕೂರಲು 12 ತುಂಬಬೇಕು, ಇನ್ನೊಂದೇ ವರ್ಷ. ಅಲ್ಲಿಯವರೆಗೆ ಮೈಕ್ ಒತ್ತುವಂತಿಲ್ಲ. ಕೇಳಬಹುದು, ಲಾಗ್ ಬರೆಯಬಹುದು, ತಂತಿ ಎಳೆಯಬಹುದು. ಕೆಲಸಕ್ಕೆ ಬರವಿಲ್ಲ.

ಭಯದ ವಿಷಯ. ಈ ತಿಂಗಳು ಕಡಲು ಕೆರಳಿರುತ್ತದೆ, ಹಾಗಾಗಿ ಯಾರೂ ನೀರಿಗೆ ಇಳಿಯುವುದಿಲ್ಲ, ಬಂಡೆ ಹತ್ತುವುದಿಲ್ಲ. ಇದು ದೊಡ್ಡವರಿಗೂ ಅನ್ವಯ. ಸಿಡಿಲು ನಮ್ಮ ಕಡೆ ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಲ್ಲಿ ಜಾಸ್ತಿ. ಆದರೂ ಮೊದಲ ಗುಡುಗು ಕೇಳಿದ ಕೂಡಲೇ ಆಂಟೆನಾ ಕೇಬಲ್ ಬಿಚ್ಚಿ ಹೊರಗೆ ಎಸೆದು, ಎಲ್ಲರೂ ಮನೆ ಒಳಗೆ. ಯಾರ ಜೊತೆ ಮಾತಾಡುತ್ತಿದ್ದರೂ ಸರಿ. ಇನ್ನೊಂದು, ತೆಂಗಿನ ಮರದ ಕೆಳಗೆ ಟೆಂಟ್ ಹಾಕುವುದಿಲ್ಲ. ಗಾಳಿಗೆ ಕಾಯಿ ಬೀಳುತ್ತದೆ. ಹಲಸಿನ ಮರದ ಬದಿಗೆ ಟಾರ್ಪಾಲ್ ಕಟ್ಟುತ್ತೇವೆ.

ವಿಯು3 ಹೊಸಬಳು · ಆಗಸ್ಟ್ 10

ಆಂಟೆನಾ ಆಯಿತು! ಮನೆ ತಾರಸಿಯಲ್ಲಿ ಕಟ್ಟಿ ನೋಡಿದೆ. ಎಸ್‌ಡಬ್ಲ್ಯೂಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆ, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು) 7.1ರಲ್ಲಿ 1.3. ಎರಡು ಕಡೆಯೂ 60 ಸೆಂಟಿಮೀಟರ್‌ನಷ್ಟು ಮಡಚಬೇಕಾಯಿತು, ತಾಮ್ರದ ತಂತಿ ಸರ್ ಹೇಳಿದ ಹಾಗೇ. ಕೇಬಲ್ ಮಾತ್ರ ಒಂದೇ ಉದ್ದದ್ದು ಸಿಗಲಿಲ್ಲ. 15 ಮೀಟರ್‌ನ ಎರಡು ತುಂಡು ಇದೆ, ನಡುವೆ ಬ್ಯಾರಲ್ ಹಾಕಿ ಜೋಡಿಸುತ್ತೇನೆ. ಆರ್‌ಜಿ 58 ಎಂಬ ತೆಳು ಕೇಬಲ್, ನಡೆಯುತ್ತದಲ್ವಾ?

ತಾಮ್ರದ ತಂತಿ · ಆಗಸ್ಟ್ 10

7 ಮೆಗಾಹರ್ಟ್ಸ್‌ಗೆ ಧಾರಾಳವಾಗಿ ನಡೆಯುತ್ತದೆ. ಅದೇ ಕೇಬಲನ್ನು 2 ಮೀಟರ್ ಬ್ಯಾಂಡಿಗೆ (144 ಮೆಗಾಹರ್ಟ್ಸ್) ಹಾಕಿದರೆ ಮಾತ್ರ ಮುಕ್ಕಾಲು ಪಾಲು ಪವರ್ ದಾರಿಯಲ್ಲೇ ಕರಗುತ್ತದೆ. ಬ್ಯಾರಲ್ ಜಾಯಿಂಟಿಗೆ ನೀರು ತಡೆಯುವ ಗುಣ ಇಲ್ಲ. ರಬ್ಬರಿನಂತೆ ಹಿಗ್ಗಿ ತನ್ನಷ್ಟಕ್ಕೇ ಅಂಟಿಕೊಳ್ಳುವ ಟೇಪ್ ಸುತ್ತು, ಅದರ ಮೇಲೆ ಮಾಮೂಲಿ ಕಪ್ಪು ಟೇಪ್.

ದೀಪದ ಪಕ್ಕದ ಮನೆ · ಆಗಸ್ಟ್ 16, ಬೆಳಗ್ಗೆ 6:20

ತೋಟದಿಂದ ಬರೆಯುತ್ತಿದ್ದೇನೆ. ಮಳೆ ಹನಿಯುತ್ತಿದೆ. "ಲೈನ್ ಇಲ್ಲ" ಅಂತ ಕೂಗಿ, ನಾಲ್ಕು ಹುಡುಗರು ಸೇರಿ ದೋಟಿ ಎತ್ತಿದರು. ನಾನು ಕೈ ಹಾಕಿಲ್ಲ. ಮೊದಲ ಸಂಪರ್ಕ 00:34 ಯುಟಿಸಿ, ಕೇರಳದ ಸ್ಟೇಷನ್. 40 ಮೀಟರ್ ಕೇಳುವವರು ಬನ್ನಿ.

ಸನ್ನಿವೇಲ್‌ನ ಕನ್ನಡಿಗ · ಆಗಸ್ಟ್ 16

ಇಲ್ಲಿ ಶುಕ್ರವಾರ ಸಂಜೆ. 20 ಮೀಟರ್‌ನಲ್ಲಿ ಕಿವಿ ಇಟ್ಟು ಕೂತಿದ್ದೇನೆ. ನಿಮ್ಮ ದನಿ ಇನ್ನೂ ಇಲ್ಲಿಗೆ ಬಂದಿಲ್ಲ. ಮಲಗುವವರೆಗೂ ಕಾಯುತ್ತೇನೆ.

ದೀಪದ ಪಕ್ಕದ ಮನೆ · ಆಗಸ್ಟ್ 18

ಎಲ್ಲರೂ ಮನೆ ಸೇರಿದ್ದೇವೆ. ಇನ್ನೂ ಬಟ್ಟೆ ಒಣಗಿಲ್ಲ. ಆದದ್ದನ್ನು ಹೇಳುತ್ತೇನೆ.

ಶನಿವಾರ ಹಗಲು ಚೆನ್ನಾಗಿ ನಡೆಯಿತು. ಸಂಜೆ ಏಳರ ಹೊತ್ತಿಗೆ 40 ಮೀಟರ್‌ನಲ್ಲಿ ಇದ್ದಕ್ಕಿದ್ದಂತೆ ಗುಂಯ್ ಅಂತ ಗಲಾಟೆ ಶುರು. ಸಿಗ್ನಲ್ ಬಲ ತೋರಿಸುವ ಮೀಟರ್ ಎಸ್ 8ಕ್ಕೆ ಹೋಗಿ ನಿಂತಿತು. ಮೆಲ್ಲಗಿನ ಸ್ಟೇಷನ್‌ಗಳೆಲ್ಲ ಅದರಡಿ ಮುಳುಗಿದವು. ದೊಡ್ಡವರು ಸೆಟ್ಟಿನ ಗುಂಡಿ ತಿರುಗಿಸುತ್ತಾ ಕೂತಿದ್ದಾಗ ಆ 11 ವರ್ಷದ ಹುಡುಗ ಬಂದು, "ಅಂಕಲ್, ಅಜ್ಜನ ಟ್ರಾನ್ಸಿಸ್ಟರ್ ತಂದಿದ್ದೇನೆ, ಹುಡುಕಲಾ?" ಅಂತ ಕೇಳಿದ. ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ಇಟ್ಟುಕೊಂಡು ತೋಟದ ತುಂಬ ನಡೆದ. ಬಾವಿ ಹತ್ತಿರ ಸದ್ದು ಕಡಿಮೆ. ಜಗಲಿ ಹತ್ತಿರ ಸ್ವಲ್ಪ ಜಾಸ್ತಿ. ಗೋಳಿಬಜೆ ಕರಿಯುತ್ತಿದ್ದ ಮಾಡಿನ ಕೆಳಗೆ ಹೋದಾಗ ಟ್ರಾನ್ಸಿಸ್ಟರ್ ಕಿರುಚಿತು. ಅಲ್ಲಿ ಕತ್ತಲಾದ ಮೇಲೆ ಹಚ್ಚಿದ ಒಂದು ಎಲ್‌ಇಡಿ ಪಟ್ಟಿ ಇತ್ತು. ಅದರ ಅಡಾಪ್ಟರ್ ಕಿತ್ತ ಕೂಡಲೇ ಮೀಟರ್ ಎಸ್ 3ಕ್ಕೆ ಬಿತ್ತು. ಅಡುಗೆಯವರಿಗೆ ಟಾರ್ಚ್ ಕೊಟ್ಟೆವು.

ರಾತ್ರಿ ಮಳೆ ಹಿಡಿಯಿತು. ಬೆಳಗಿನವರೆಗೂ ಬಿಡಲಿಲ್ಲ. ಮುಂದಿನದನ್ನು ಹೊಸಬಳೇ ಬರೆಯಲಿ.

ವಿಯು3 ಹೊಸಬಳು · ಆಗಸ್ಟ್ 18

ಭಾನುವಾರ ಬೆಳಗ್ಗೆ ನಾಲ್ಕೂವರೆಯಿಂದ ನನ್ನ ಪಾಳಿ. ಕೂತು ಒಂದು ಕರೆ ಕೊಟ್ಟೆ. ಸೆಟ್ಟು ತನ್ನಷ್ಟಕ್ಕೇ ಪವರ್ ಇಳಿಸಿತು. ಎಸ್‌ಡಬ್ಲ್ಯೂಆರ್ ಮೂರು ದಾಟಿತ್ತು. ರಾತ್ರಿ ಮಲಗುವಾಗ 1.3 ಇದ್ದದ್ದು. ಎದೆ ಧಸಕ್ ಅಂತು, ನಾನೇ ಮಾಡಿದ ಆಂಟೆನಾ ಅಲ್ವಾ.

ಹಳೇ ಕೀ ಸರ್ ಎಚ್ಚರ ಇದ್ದರು. ಹತ್ತಿರ ಬಂದು "ಎಲ್ಲಿಂದ ನೋಡುತ್ತೀಯ?" ಅಂತ ಮಾತ್ರ ಕೇಳಿದರು. ಸೆಟ್ಟಿನ ಹಿಂದಿನಿಂದ ಶುರು ಮಾಡಿದೆ. ಆಂಟೆನಾ ಕೇಬಲ್ ಬಿಚ್ಚಿ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ಪರೀಕ್ಷೆಯ ಡಬ್ಬಿ) ಹಾಕಿದೆ, ಸೆಟ್ಟು ಸರಿ ಇದೆ. ಮೊದಲ 15 ಮೀಟರ್ ಕೇಬಲಿನ ಕೊನೆಗೆ ಅದೇ ಡಮ್ಮಿ ಲೋಡ್ ಹಾಕಬೇಕಿತ್ತು. ಅದಕ್ಕೆ ಮಳೆಯಲ್ಲಿ ಜಾಯಿಂಟ್ ಇದ್ದ ಕಡೆ ಹೋದೆವು. ಸರ್ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಟಾರ್ಚ್ ಹಿಡಿದು ನಿಂತರು.

ಜಾಯಿಂಟ್ ಹುಲ್ಲಿನಲ್ಲಿ, ಒಂದು ಚಿಕ್ಕ ಹೊಂಡದಲ್ಲಿ ಮುಳುಗಿತ್ತು. ಟೇಪ್ ಸುತ್ತಿದ್ದೆ, ಆದರೆ ಮೇಲಿನಿಂದ ಕೆಳಕ್ಕೆ ಸುತ್ತಿದ್ದೆ. ಪದರಗಳ ಬಾಯಿ ಮೇಲ್ಮುಖವಾಗಿತ್ತು. ಕೇಬಲ್ ಮೇಲೆ ಇಳಿದ ನೀರೆಲ್ಲ ಅದರೊಳಗೇ ಹೋಗಿದೆ. ಟೇಪ್ ಬಿಚ್ಚಿ ಬ್ಯಾರಲ್ ತಿರುಗಿಸಿದಾಗ ನಡುವಿನ ಪಿನ್ನಿನ ಸುತ್ತ ಒಂದು ಹನಿ ನೀರು ಟಾರ್ಚ್ ಬೆಳಕಿಗೆ ಹೊಳೆಯಿತು. ಒಂದೇ ಹನಿ. ಕೇಬಲಿನ ಹೊರಚರ್ಮ ಸುಲಿದರೆ ಜಾಲರಿ ಕಪ್ಪಗಾಗಿತ್ತು. ಒಂದಡಿ ಕತ್ತರಿಸಿದೆ, ಇನ್ನೂ ಕಪ್ಪು. ಇನ್ನೊಂದಡಿ ಕತ್ತರಿಸಿದ ಮೇಲೆ ತಾಮ್ರದ ಬಣ್ಣ ಬಂತು.

ಹೊಸ ಕನೆಕ್ಟರ್ ಹಾಕಬೇಕಿತ್ತು. ಬ್ಯಾಟರಿಯಿಂದ ನಡೆಯುವ 12 ವೋಲ್ಟ್ ಸೋಲ್ಡರಿಂಗ್ ಐರನ್ ಇತ್ತು, ಜಗಲಿಯಲ್ಲಿ ಕೂತು ಹಚ್ಚಿದೆ. ಮೊದಲ ಬೆಸುಗೆ ಕೂರಲಿಲ್ಲ. ಎರಡನೆಯದು ಹಿಡಿಯಿತು. ಈ ಸಲ ಕೆಳಗಿನಿಂದ ಮೇಲಕ್ಕೆ ಟೇಪ್ ಸುತ್ತಿದೆ, ಹಂಚು ಹೊದಿಸಿದ ಹಾಗೆ. ಜಾಯಿಂಟನ್ನು ನೆಲದಿಂದ ಎತ್ತಿ ಮರದ ಕೊಂಬೆಗೆ ಕಟ್ಟಿದೆ. ಎರಡೂ ಕಡೆ ಕೇಬಲನ್ನು ಜಾಯಿಂಟಿಗಿಂತ ಕೆಳಗೆ ಜೋಲಲು ಬಿಟ್ಟೆ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ.

ಹೊತ್ತು ಆರೂಮುಕ್ಕಾಲು. ಎಸ್‌ಡಬ್ಲ್ಯೂಆರ್ 1.4. ಸಿಕ್ಯೂ ಕರೆದೆ. ಉತ್ತರ ಕೊಟ್ಟದ್ದು ಶ್ರೀಲಂಕಾದ ಸ್ಟೇಷನ್. ಅವರು ಫೈವ್ ನೈನ್ (ಸ್ಪಷ್ಟವಾಗಿ, ಜೋರಾಗಿ ಕೇಳುತ್ತಿದೆ) ಅಂದಾಗ ಲಾಗ್‌ನಲ್ಲಿ ಬರೆಯಲು ಕೈ ನಡುಗುತ್ತಿತ್ತು. ಸಮಯ ಯುಟಿಸಿಯಲ್ಲೇ ಬರೆದೆ, 01:17. ಅದಾದ ಮೇಲೆ ಎಂಟೂವರೆವರೆಗೆ ಎದ್ದೇಳಲಿಲ್ಲ.

ಅಡಿಕೆ ತೋಟದಿಂದ · ಆಗಸ್ಟ್ 18

ಒಂದು ವರ್ಷ ಮನೆಯಲ್ಲೇ ಕೇಳುತ್ತಾ ಕೂತವಳು ಇವಳೇನಾ ಅನಿಸಿತು, ಪಕ್ಕದಲ್ಲೇ ಕೂತಿದ್ದೆ. ಆ ಎರಡು ಗಂಟೆಯಲ್ಲಿ ಲಾಗ್ ಪುಸ್ತಕದ ಒಂದೂವರೆ ಪುಟ ತುಂಬಿತು.

ಹಳೇ ಕೀ · ಆಗಸ್ಟ್ 19

ಒಟ್ಟು ಸಂಪರ್ಕಗಳು ಹೋದ ವರ್ಷಕ್ಕಿಂತ ಕಡಿಮೆ. ಅದನ್ನು ನಾನೇ ಲೆಕ್ಕ ಹಾಕಿದೆ, ಹಾಗಾಗಿ ಹೇಳುತ್ತಿದ್ದೇನೆ. ಯುರೋಪ್ ಕೂಡ ಕಡಿಮೆ. ಸಂಜೆ ಪಕ್ಕದಲ್ಲಿ ಕೂತು ಕಾಗದದ ಮೇಲೆ ಬರೆದು ತೋರಿಸುತ್ತಿದ್ದೆನಲ್ಲ, ಮೊದಲ ಅರ್ಧ ಗಂಟೆ ಪ್ರತಿಯೊಂದನ್ನೂ ಬರೆಯಬೇಕಾಯಿತು. ಆಮೇಲೆ ನಾನು ಬರೆಯುವಷ್ಟರಲ್ಲಿ ಹುಡುಗರು ಹೇಳಿ ಮುಗಿಸುತ್ತಿದ್ದರು. ಕೊನೆಗೆ ಪೆನ್ನು ಕೆಳಗಿಟ್ಟೆ.

ಬೆಳಗಿನ ಜಾವ ಕೊಡೆ ಹಿಡಿದು ನಿಂತಾಗ ನನಗೆ ಅಂಡಮಾನ್ ನೆನಪಾಯಿತು. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. ಬಹಳ ವರ್ಷದಿಂದ ಹ್ಯಾಮ್ ದನಿಯೇ ಕೇಳದ ದ್ವೀಪ ಅದು. ಪ್ರಪಂಚದ ಹವ್ಯಾಸಿಗಳಿಗೆ ಸಂಪರ್ಕ ಕೊಡಲೆಂದು ಹೋದದ್ದು. 26ರ ಬೆಳಗ್ಗೆ ಸುನಾಮಿ ಬಂತು, ಫೋನುಗಳು ಸತ್ತವು. ಅವರ ಸೆಟ್ಟು, ಅವರ ಆಂಟೆನಾ ಸಂದೇಶ ಸಾಗಿಸಲು ನಿಂತವು. ಆಗ ನಾನು ಮನೆಯಲ್ಲಿ ಕೂತು ಕೇಳುತ್ತಿದ್ದೆ. ಅಂಥ ದಿನ ನಮ್ಮ ಊರಿಗೆ ಬಂದರೆ ನಾನು ಇರುತ್ತೇನೋ ಇಲ್ಲವೋ. ಮಳೆಯಲ್ಲಿ ಕೇಬಲ್ ಸುಲಿದು ಬೆಸುಗೆ ಹಾಕುವ ಕೈ ಈಗ ಕ್ಲಬ್ಬಿನಲ್ಲಿ ಇನ್ನೊಂದು ಇದೆ.

ಬ್ಯಾಟರಿ ಲೆಕ್ಕ · ಆಗಸ್ಟ್ 19

ನನ್ನ ಕಡೆಯಿಂದ ವರದಿ. 40 ಮೀಟರ್ ಸೆಟ್ಟು ಎರಡು ದಿನಕ್ಕೆ ಎಳೆದದ್ದು 97 ಆಂಪ್ ಅವರ್. ಲೆಕ್ಕ ಹಾಕಿದ್ದು 124. ರಾತ್ರಿ ಜಾಸ್ತಿ ಹೊತ್ತು ಕೇಳಿದ್ದು, ಆಮೇಲೆ ಕೇಬಲ್ ಸರಿ ಮಾಡುವಾಗ ನಿಂತದ್ದು, ಅದಕ್ಕೇ ಕಡಿಮೆ ಆಯಿತು. ಫ್ಯೂಸ್ ಒಂದೂ ಹೋಗಲಿಲ್ಲ.

ಏಳನೇ ತರಗತಿ ಅಮ್ಮ · ಆಗಸ್ಟ್ 20

ಮಗ ಮನೆಗೆ ಬಂದ ದಿನದಿಂದ ಟ್ರಾನ್ಸಿಸ್ಟರ್ ಹಿಡಿದುಕೊಂಡು ಮನೆಯ ಒಂದೊಂದೇ ಬಲ್ಬು, ಚಾರ್ಜರ್ ಹತ್ತಿರ ಹೋಗಿ ಪರೀಕ್ಷೆ ಮಾಡುತ್ತಿದ್ದಾನೆ. ಪುಸ್ತಕದಲ್ಲಿ ಪಟ್ಟಿ ಬರೆದಿದ್ದಾನೆ. ಫ್ರಿಜ್ ಪಾಸ್, ನನ್ನ ಮೊಬೈಲ್ ಚಾರ್ಜರ್ ಫೇಲ್. ಅವನಿಗೆ ಮೋರ್ಸ್ ಯಾರ ಹತ್ತಿರ ಕಲಿಸಲಿ?

ಹಳೇ ಕೀ · ಆಗಸ್ಟ್ 20

ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಮನೆಗೆ ಕಳಿಸಮ್ಮ. ಕೀ ನನ್ನ ಹತ್ತಿರ ಎರಡು ಇವೆ.

ದೀಪದ ಪಕ್ಕದ ಮನೆ · ಆಗಸ್ಟ್ 21

ಅಕ್ಟೋಬರ್ ಮೂರನೇ ವಾರಾಂತ್ಯ ಸ್ಕೌಟ್ ಮಕ್ಕಳ ರೇಡಿಯೊ ಜಾಂಬೋರಿ ಉಂಟು. ಒಂದು ಶಾಲೆಯವರು ಮೈದಾನ ಕೊಡುತ್ತೇವೆ ಅಂದಿದ್ದಾರೆ. ಆಗ ಗುಡುಗು ಜಾಸ್ತಿ, ಹಾಗಾಗಿ ಮಧ್ಯಾಹ್ನ ಮೂರಕ್ಕೇ ಮುಗಿಸಬೇಕು. ಯಾರು ಮುಂದೆ ನಿಂತು ನಡೆಸುತ್ತೀರಿ?

ವಿಯು3 ಹೊಸಬಳು · ಆಗಸ್ಟ್ 21

ನಾನು ನಡೆಸುತ್ತೇನೆ ಸರ್. ಕೇಬಲ್ ಒಂದೇ ಉದ್ದದ್ದು, 30 ಮೀಟರ್, ನಿನ್ನೆಯೇ ಕೊಂಡೆ. ದೋಟಿ ಮತ್ತೆ ಸಿಗುತ್ತದಾ?

ಅಡಿಕೆ ತೋಟದಿಂದ · ಆಗಸ್ಟ್ 21

ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಕೊಯ್ಲು ಶುರುವಾಗಿರುತ್ತದೆ. ವಾರದ ದಿನ ಸಿಗುವುದಿಲ್ಲ, ಶನಿವಾರ ತಂದುಕೊಡುತ್ತೇನೆ. ಶಾಲೆಯ ಮೈದಾನದಲ್ಲಿ ಲೈನ್ ಎಲ್ಲಿ ಹೋಗಿದೆ ಅಂತ ಈಗಲೇ ಹೋಗಿ ನೋಡಿ ಬಾ, ಚಿತ್ರ ಬರೆದು ಕಳಿಸು.